ಮೂತಿಪಟ್ಟಿ

ಕಾಡಿಗೆ ರಾವುತನ ಭುಜ ಕಚ್ಚಿತು.

ಹಲ್ಲು ತಾಗಿಸಿ ಹೆದರಿಸಿದ್ದಲ್ಲ. ಅಂಗಿ ಹರಿದು, ತೊಗಲು ಹರಿದು, ರಕ್ತ ಬರುವಂತೆ ಕಚ್ಚಿತು. ಕಚ್ಚಿ ಬಿಟ್ಟಮೇಲೆ ಹೇಳಿತು: "ಇದು ಹೊಟ್ಟೆಪಟ್ಟಿ ಬಿಗಿದದ್ದಕ್ಕೆ. ಇನ್ನೊಂದು ತೂತು ಬಿಗಿದರೆ ಇನ್ನೊಂದು ಭುಜ."

ಆಗ ಬಿಳಿಗಾವಲು ರಾಜ್ಯದಲ್ಲಿ ಕುದುರೆಗಳಿಗೆ ಮಾತು ಬರುತ್ತಿತ್ತು. ಕೇಳುವ ಕಿವಿ ಜನಕ್ಕೂ ಇತ್ತು. ಕಾಡಿಗೆ ಎಂಬುದು ದೊರೆಯ ಲಾಯದ ಕಪ್ಪು ಹೆಣ್ಣುಕುದುರೆ. ಕಚ್ಚಿಸಿಕೊಂಡವನು ಜಟ್ಟಿಂಗ ರಾವುತ. ಕುದುರೆ ಪಳಗಿಸುವುದು ಅವನ ಕೆಲಸ, ಇಡೀ ಲಾಯ ಅವನ ಕೈಯಲ್ಲಿ. ಬಾಗಿಲಲ್ಲಿ ಹೊರೆ ಹೊತ್ತು ನಿಂತು ಇದನ್ನು ನೋಡಿದವಳು ಹುಲ್ಲಿನ ಗಾಳೆವ್ವ.

ಗಾಳೆವ್ವ ದಿನಾ ಬೆಳಿಗ್ಗೆ ಹುಲ್ಲುಗಾವಲಿಗೆ ಹೋಗಿ ಹುಲ್ಲು ಕೊಯ್ದು ತಂದು ಲಾಯಕ್ಕೆ ಹಾಕುವವಳು. ಕಾಡಿಗೆ ಹುಟ್ಟಿದ ದಿನವೇ ಅದರ ತಾಯಿ ಸತ್ತಿತ್ತು. ಆಡಿನ ಹಾಲಿಗೆ ಬಟ್ಟೆ ಅದ್ದಿ, ಮರಿಯ ಬಾಯಿಗೆ ಹಿಂಡಿ ಹಿಂಡಿ ಬದುಕಿಸಿದವಳು ಇವಳೇ. ಅದಕ್ಕೇ ಕಾಡಿಗೆ ಇವಳನ್ನು ಅವ್ವ ಎನ್ನುತ್ತಿತ್ತು.

"ಸರಿಯಾಗಿ ಹೇಳಿದೆ, ಮಗಳೇ" ಎಂದಳು ಗಾಳೆವ್ವ.

ರಾವುತ ಭುಜ ಒತ್ತಿಹಿಡಿದು ತಿರುಗಿದ. "ಮುದುಕಿ, ನಿನ್ನ ಕೆಲಸ ಹುಲ್ಲಿನದು. ಹುಲ್ಲು ಹಾಕು, ಹೋಗು."

ಅವನಿಗೆ ಅವಸರವಿತ್ತು. ಸುಗ್ಗಿ ಮುಗಿದಿತ್ತು. ಸುಗ್ಗಿ ಮುಗಿದ ಮೇಲೆ ದೊರೆ ಬೊಪ್ಪರಸ ಕುದುರೆ ಹತ್ತಿ ರಾಜ್ಯದ ಗಡಿಯನ್ನೆಲ್ಲ ಸುತ್ತಿ ಬರುತ್ತಾನೆ. ಈ ವರ್ಷ ಹತ್ತುವುದು ಕಾಡಿಗೆಯನ್ನು.

ಆ ರಾಜ್ಯದಲ್ಲಿ ಒಂದು ಪದ್ಧತಿ. ದೊರೆ ಹತ್ತುವ ಮೊದಲು ಕುದುರೆಯ ಎದುರು ನಿಂತು ಮೂರು ಸಲ ಕೇಳಬೇಕು: "ಹತ್ತಲೇ?" ಕುದುರೆ ಬೇಡ ಎಂದರೆ ಹತ್ತುವಂತಿಲ್ಲ. ಮೂರು ಸಲಕ್ಕೂ ಸುಮ್ಮನಿದ್ದರೆ ಒಪ್ಪಿತು ಎಂದು ಅರ್ಥ. ಬೊಪ್ಪರಸನ ಮುತ್ತಜ್ಜ ಬೆನ್ನು ಹುಣ್ಣಾಗಿದ್ದ ಕುದುರೆಯನ್ನು ಕೇಳದೆ ಹತ್ತಿ, ಬಿದ್ದು, ಸೊಂಟ ಮುರಿದುಕೊಂಡಿದ್ದ. ಹಾಸಿಗೆಯಲ್ಲಿ ಮಲಗಿಕೊಂಡೇ ಈ ಪದ್ಧತಿ ಮಾಡಿದ. ಒಳ್ಳೆಯ ಪದ್ಧತಿ. ಕುದುರೆಯ ಬಾಯಿ ಬಿಚ್ಚಿರುವ ತನಕ ಒಳ್ಳೆಯದು.

ಬೊಪ್ಪರಸನಿಗೆ ಒಂದು ಹುಚ್ಚು. ಕುದುರೆ ಕತ್ತು ಬಾಗಿಸಿ ನಿಲ್ಲಬೇಕು. ಗಲ್ಲ ಎದೆಗೆ ತಾಗುವಂತಿರಬೇಕು. ಅದು ತನಗೆ ಮಾಡುವ ನಮಸ್ಕಾರ ಎಂದು ಅವನ ನಂಬಿಕೆ.

ಕತ್ತು ಬಾಗಿಸುವುದನ್ನು ಕುದುರೆಗೆ ಕಲಿಸಬಹುದು. ಅದಕ್ಕೆ ಒಂದು ರೀತಿ ಇದೆ. ಮೊದಲು ಬರೀ ಉದ್ದ ಹಗ್ಗ. ಕಣದ ನಡುವೆ ನಿಂತು, ಹಗ್ಗ ಹಿಡಿದು, ಸುತ್ತ ನಡೆಸಬೇಕು, ಓಡಿಸಬೇಕು. ಆಮೇಲೆ ಕಡಿವಾಣ, ಬಾಯಲ್ಲಿ ಕಬ್ಬಿಣ ಇದ್ದರೂ ಹುಲ್ಲು ತಿನ್ನುವಷ್ಟು ಅಭ್ಯಾಸ ಆಗಬೇಕು. ಆಮೇಲೆ ಜೀನು, ಮೇಲೆ ಯಾರೂ ಇಲ್ಲದೆ. ಕೊನೆಗೆ ಪಟ್ಟಿಗಳು. ಅವೂ ಸಡಿಲವಾಗಿ. ಕುದುರೆ ತಾನಾಗಿ ಕತ್ತು ಇಳಿಸಿದ ಕೂಡಲೇ ಪಟ್ಟಿ ಜೋತುಬೀಳಬೇಕು. ಆಗ ಅದಕ್ಕೆ ಗೊತ್ತಾಗುತ್ತದೆ, ಹೀಗೆ ನಿಂತರೆ ಹಾಯಾಗಿರುತ್ತದೆ ಎಂದು. ಪಾಠ ಮುಗಿಯಿತೋ, ಬಿಚ್ಚಿಬಿಡಬೇಕು. ಸವಾರಿಗೆ ಹೊರಡುವಾಗ ಮೈಮೇಲೆ ಪಟ್ಟಿಯೇ ಇರಕೂಡದು. ಇಷ್ಟಕ್ಕೆ ವರ್ಷಗಳು ಹಿಡಿಯುತ್ತವೆ.

ಜಟ್ಟಿಂಗ ರಾವುತನಿಗೆ ಇದೆಲ್ಲ ಗೊತ್ತಿತ್ತು. ಒಳ್ಳೆಯ ಗುರುವಿನ ಹತ್ತಿರ ಕಲಿತವನು. ಆದರೆ ಅವನಿಗೆ ಬೆಳಿಗ್ಗೆ ಏಳುವುದು ಬೇಜಾರು, ಬಿಸಿಲಲ್ಲಿ ನಿಲ್ಲುವುದು ಬೇಜಾರು. ವರ್ಷಗಟ್ಟಲೆ ಕಲಿಸುವ ಬದಲು ಎಳೆದು ಕಟ್ಟಿಬಿಟ್ಟರೆ ಕತ್ತು ತಾನೇ ಬಾಗುತ್ತದಲ್ಲ. ಕಟ್ಟಿದ. ಪಟ್ಟಿಗಳ ಮೇಲೆ ಜರಿ ಹೊಲಿಸಿದ. ದೊರೆ ಅವನ್ನು ಒಡವೆ ಎಂದುಕೊಂಡ. ಪ್ರತಿ ಸುಗ್ಗಿಗೂ ರಾವುತನಿಗೆ ಹೊಸ ಪೇಟ.

ಹೋದ ಸಲದ ಹಿಂದಿನ ಸಲ ಬೂದ ಎಂಬ ಕುದುರೆಯನ್ನು ಹಾಗೆ ಕಟ್ಟಿ ಕಳಿಸಿದ. ಗಡಿಯಲ್ಲಿ ಕೋರೆಕಲ್ಲು ಎಂಬ ಇಳಿಜಾರು ಇದೆ. ಕಾಲಿಡುವ ಜಾಗ ನೋಡಿ ನೋಡಿ ಇಳಿಯಬೇಕು. ಕತ್ತು ಕಟ್ಟಿದ ಕುದುರೆಗೆ ಮುಂದಿನ ನೆಲ ಕಾಣುವುದಿಲ್ಲ. ಬೂದ ಬಿತ್ತು. ದೊರೆ ಹಾರಿಕೊಂಡು ಉಳಿದ. ಬೂದನ ಕಾಲು ಮುರಿಯಿತು, ಅಲ್ಲೇ ಈಟಿ ಹಾಕಿ ಮುಗಿಸಿದರು. "ದೃಷ್ಟಿ ಆಗಿತ್ತು" ಎಂದ ರಾವುತ.

ಹೋದ ಸಲ ಗೌಜಲ. ಅದೇ ಕೋರೆಕಲ್ಲು. ಅದೇ ಈಟಿ. "ಆಯಸ್ಸು ಮುಗಿದಿತ್ತು" ಎಂದ ರಾವುತ.

ಈ ಸಲ ಕಾಡಿಗೆ.

ಭುಜಕ್ಕೆ ಅರಿಸಿನ ಮೆತ್ತಿಕೊಂಡು ರಾವುತ ಮರುದಿನ ಬಂದ. ಕೈಯಲ್ಲಿ ಎದೆಪಟ್ಟಿ. ಅದರ ಒಂದು ತುದಿಯನ್ನು ಕಡಿವಾಣಕ್ಕೆ ಸಿಕ್ಕಿಸಿದ. ಮುಂಗಾಲುಗಳ ನಡುವೆ ತೂರಿಸಿ ಇನ್ನೊಂದು ತುದಿಯನ್ನು ಹೊಟ್ಟೆಪಟ್ಟಿಗೆ ಕೊಟ್ಟ. ಕೊನೆಯ ತೂತಿಗೆ ಎಳೆದ. ಕಾಡಿಗೆಯ ತಲೆ ಎದೆಗೆ ಬಂದು ಕೂತಿತು. ರಾವುತ ನೆರಳಿಗೆ ಹೋಗಿ ಕೂತ.

ಗಾಳೆವ್ವ ಹೊರೆ ಇಳಿಸಿದಳು. "ಏನಾಯಿತು ಮಗಳೇ?"

"ಅವ್ವ, ನೆಲ ಕಾಣುತ್ತಿಲ್ಲ. ನನ್ನ ಗೊರಸು ಕಾಣುತ್ತದೆ, ಅಷ್ಟೇ. ನೀರಿನ ತೊಟ್ಟಿ ಎಲ್ಲಿದೆ?"

ತೊಟ್ಟಿ ಅದರ ಮುಂದೆಯೇ ಇತ್ತು. ಬಾಯಿ ಅಲ್ಲಿಗೆ ಹೋಗುತ್ತಿರಲಿಲ್ಲ.

ಗಾಳೆವ್ವ ನೆರಳಿಗೆ ಹೋದಳು. "ಸಡಿಲಿಸು ರಾವುತಪ್ಪ. ಅದು ನೀರು ಕುಡಿಯಬೇಕು."

"ಕೊಬ್ಬು ಇಳಿದ ಮೇಲೆ ಕುಡಿಯುತ್ತದೆ. ಹುಲ್ಲು ಹಾಕು, ಹೋಗು."

ಅವಳೇ ಬಿಚ್ಚಬಹುದಿತ್ತಲ್ಲ ಎಂದು ನೀವು ಕೇಳಬಹುದು. ಲಾಯದಲ್ಲಿ ಕಟ್ಟಿದವನೇ ಬಿಚ್ಚಬೇಕು. ಬೇರೆಯವರು ಕೊಕ್ಕೆ ಮುಟ್ಟಿದರೆ ಕೈಗೆ ಬರೆ. ಗೌಜಲನ ಪಟ್ಟಿಗೆ ಕೈ ಹಾಕಿ ಗಾಳೆವ್ವ ಬರೆ ಹಾಕಿಸಿಕೊಂಡಿದ್ದಳು. ಬರೆ ಬಿತ್ತು, ಪಟ್ಟಿ ಮತ್ತೆ ಬಿಗಿಯಿತು. ಗೌಜಲನಿಗೆ ಏನೂ ಲಾಭ ಆಗಲಿಲ್ಲ. ಅವಳು ಬೊಗಸೆಯಲ್ಲಿ ನೀರು ತಂದು ಕಾಡಿಗೆಯ ತುಟಿಗೆ ಹಿಡಿದಳು. ಅರ್ಧ ಕುಡಿಯಿತು, ಅರ್ಧ ಚೆಲ್ಲಿತು.

ಅದರ ಮರುದಿನ ರಾವುತ ಪಕ್ಕೆಪಟ್ಟಿ ತಂದ. ಈ ಪಕ್ಕೆಗೊಂದು, ಆ ಪಕ್ಕೆಗೊಂದು. ಕಡಿವಾಣದ ಎರಡು ಬದಿಯಿಂದ ಎಳೆದು ಜೀನಿಗೆ ಬಿಗಿದ. ಕೊನೆಯ ತೂತಿಗೆ. ಕಾಡಿಗೆಯ ಕತ್ತು ಈಗ ಎಡಕ್ಕೂ ಹೊರಳದು, ಬಲಕ್ಕೂ ಹೊರಳದು. ರಾವುತ ನೆರಳಿಗೆ ಹೋಗಿ ರೊಟ್ಟಿಯ ಗಂಟು ಬಿಚ್ಚಿದ.

"ಅವ್ವ, ಬಂದೆಯಾ? ಪಕ್ಕೆಯಲ್ಲಿ ನೊಣ ಕೂತಿದೆ. ಆಗಿನಿಂದ ಕೂತಿದೆ."

ಹೊಟ್ಟೆಪಟ್ಟಿ ಉಜ್ಜಿ ಉಜ್ಜಿ ಅಲ್ಲಿ ತೊಗಲು ಎದ್ದಿತ್ತು. ನೊಣ ಒಂದಲ್ಲ, ಹಿಂಡೇ ಇತ್ತು. ಗಾಳೆವ್ವ ಹುಲ್ಲಿನ ಕಟ್ಟು ತೆಗೆದುಕೊಂಡು ಬೀಸಿದಳು. ಬೀಸುತ್ತಲೇ ಕೂಗಿದಳು: "ಸಡಿಲಿಸು ರಾವುತಪ್ಪ. ಹುಣ್ಣಾಗಿದೆ."

"ಹುಣ್ಣು ಇದ್ದರೆ ಬುದ್ಧಿ ಇರುತ್ತದೆ" ಎಂದ ರಾವುತ ರೊಟ್ಟಿ ಮುರಿಯುತ್ತ. "ಹುಲ್ಲು ಹಾಕು, ಹೋಗು."

ಅವಳು ಹೋಗಲಿಲ್ಲ. ಬಿಸಿಲು ಇಳಿಯುವ ತನಕ ಅಲ್ಲೇ ನಿಂತು ನೊಣ ಓಡಿಸಿದಳು. ಬೀಸುವ ತೋಳು ನೋಯುತ್ತಿತ್ತು. ಅದಕ್ಕಿಂತ ಹಲ್ಲು ನೋಯುತ್ತಿತ್ತು, ಅಷ್ಟು ಕಚ್ಚಿ ಹಿಡಿದಿದ್ದಳು.

ರಾವುತ ಊಟ ಮಾಡಿ, ನಿದ್ದೆ ಮಾಡಿ, ಎದ್ದು ಬಂದ. ಕಾಡಿಗೆಯ ಸುತ್ತ ಒಂದು ಸುತ್ತು ಬಂದ. "ಈಗ ಹೇಗಿದೆ ರಾಣಿಗೆ?"

ಕಾಡಿಗೆ ಕತ್ತು ಬಗ್ಗಿಸಿಕೊಂಡೇ ಮಾತಾಡಿತು. "ಕೇಳು ರಾವುತ. ತಲೆ ಕಟ್ಟಿದ್ದೀ, ಕತ್ತು ಕಟ್ಟಿದ್ದೀ. ದೊರೆ ನನ್ನ ಮುಂದೆ ನಿಂತು ಕೇಳಲೇಬೇಕಲ್ಲ. ಕೇಳಲಿ. ನನ್ನದು ಹೇಳುತ್ತೇನೆ. ಬೂದನದು ಹೇಳುತ್ತೇನೆ. ಗೌಜಲನದು ಹೇಳುತ್ತೇನೆ. ಆಮೇಲೆ ನಿನ್ನ ಪೇಟ ಎಲ್ಲಿರುತ್ತದೆ ನೋಡೋಣ."

"ಬೂದನೂ ಹೀಗೇ ಅಂದಿತ್ತು" ಎಂದು ರಾವುತ ನಕ್ಕ.

ಮೂರನೆಯ ದಿನ ಅವನು ಮೂತಿಪಟ್ಟಿ ತಂದ.

ಅಂಗೈ ಅಗಲದ ಪಟ್ಟಿ. ಮೂಗಿನ ಮೇಲಿಂದ ಬಂದು ಗಲ್ಲದ ಕೆಳಗೆ ಕೂಡುತ್ತದೆ. ಒಳ್ಳೆಯ ರಾವುತರು ಎರಡು ಬೆರಳು ಹೋಗುವಷ್ಟು ಸಡಿಲ ಬಿಡುತ್ತಾರೆ. ಇವನು ತೊಟ್ಟಿಯ ಕಲ್ಲಿಗೆ ಕಾಲು ಕೊಟ್ಟು, ಎರಡೂ ಕೈಯಿಂದ ಎಳೆದ. ಹಲ್ಲಿಗೆ ಹಲ್ಲು ಕೂತ ಸದ್ದು ಬಾಗಿಲಲ್ಲಿದ್ದ ಗಾಳೆವ್ವನಿಗೂ ಕೇಳಿತು.

"ಮಗಳೇ" ಎಂದಳು ಅವಳು.

ಕಾಡಿಗೆ ಮಾತಾಡಲಿಲ್ಲ. ಕಣ್ಣು ಮಾತ್ರ ಅವಳ ಕಡೆ ತಿರುಗಿತು. ಬಿಳಿಗುಡ್ಡೆ ಕೆಂಪಾಗಿತ್ತು.

"ಸಡಿಲಿಸು" ಎಂದಳು ಗಾಳೆವ್ವ. ಈ ಸಲ ರಾವುತಪ್ಪ ಅನ್ನಲಿಲ್ಲ.

"ನಿನ್ನ ಬಾಯಿಯೂ ದೊಡ್ಡದಾಗಿದೆ ಮುದುಕಿ. ನಿನ್ನ ಅಳತೆಗೂ ಒಂದು ಹೊಲಿಸಬೇಕು. ಹುಲ್ಲು ಹಾಕು, ಹೋಗು."

ಗಾಳೆವ್ವ ಹುಲ್ಲು ಹಾಕಿದಳು. ಹಾಕಿ ಏನು ಮಾಡುವುದು, ತಿನ್ನುವ ಬಾಯಿ ಕಟ್ಟಿತ್ತು. ನಾಳೆ ಬೆಳಿಗ್ಗೆ ಸವಾರಿ. ನಾಳೆ ಬೆಳಿಗ್ಗೆಯೇ ಮೂತಿಪಟ್ಟಿ ತೊಟ್ಟ ಕುದುರೆಯ ಎದುರು ದೊರೆ ನಿಲ್ಲುತ್ತಾನೆ, ಮೂರು ಸಲ ಕೇಳುತ್ತಾನೆ, ಉತ್ತರ ಬರುವುದಿಲ್ಲ, ಹತ್ತುತ್ತಾನೆ. ಸಂಜೆಗೆ ಕೋರೆಕಲ್ಲು.

ಅವಳು ಹುಲ್ಲುಗಾವಲಿಗೆ ಹೋದಳು. ಕುಡುಗೋಲು ಹಿಡಿದು ಸಿಕ್ಕಿದ ಹುಲ್ಲನ್ನೆಲ್ಲ ಬುಡಸಮೇತ ಕೊಯ್ದಳು. ಹುಲ್ಲಿಗೆ ಬೇಕಾದಷ್ಟು ಬೈದಳು. ರಾವುತನನ್ನು ಬೈದಳು, ದೊರೆಯನ್ನು ಬೈದಳು, ಬೈಯುವುದಕ್ಕೆ ಯಾರೂ ಉಳಿಯದಾದಾಗ ತನ್ನನ್ನೇ ಬೈದುಕೊಂಡಳು. ಬೂದ ಹೊರಟ ವರ್ಷ ಅವಳು ಬಾಗಿಲ ಕಾವಲಿನವನಿಗೆ ಹೇಳಿದ್ದಳು. "ನಿನಗ್ಯಾಕೆ ಊರ ಉಸಾಬರಿ" ಎಂದಿದ್ದ. ಗೌಜಲ ಹೊರಟ ವರ್ಷ ಮಂತ್ರಿಗೇ ಹೇಳಿದ್ದಳು. "ರಾವುತನ ವಿದ್ಯೆ ನಿನಗೇನು ಗೊತ್ತು" ಎಂದಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿ ನೋಡಿಯಾಗಿತ್ತು. ಯಾರ ತಲೆಗೂ ಹೋಗಿರಲಿಲ್ಲ.

ರಾವುತನ ಮಾತು ಅವಳ ಕಿವಿಯಲ್ಲಿ ಕೊರೆಯುತ್ತಲೇ ಇತ್ತು. ನಿನ್ನ ಅಳತೆಗೂ ಒಂದು ಹೊಲಿಸಬೇಕು.

ಗಾಳೆವ್ವ ಕುಡುಗೋಲು ಕೆಳಗಿಟ್ಟಳು. ಆ ಮಾತನ್ನು ತಾನೇ ಒಂದು ಸಲ ಹೇಳಿ ನೋಡಿದಳು. ಆಮೇಲೆ ಎದ್ದು, ಕೊಯ್ದದ್ದನ್ನು ಹೊರೆ ಕಟ್ಟಿದಳು.

ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ಜನ ಸೇರಿತ್ತು. ಮಂತ್ರಿ ಇದ್ದ, ಸೇನಾಪತಿ ಇದ್ದ, ಭಂಡಾರಿ ಇದ್ದ. ರಾವುತ ಹೊಸ ಅಂಗಿ ತೊಟ್ಟು ಕಾಡಿಗೆಯನ್ನು ಹಿಡಿದು ತಂದ. ಜರಿಯ ಪಟ್ಟಿಗಳು ಬಿಸಿಲಿಗೆ ಹೊಳೆದವು. ಕಾಡಿಗೆಯ ಗಲ್ಲ ಎದೆಗೆ ಅಂಟಿತ್ತು. ಬಾಯಿಯ ಮೂಲೆಯಲ್ಲಿ ನೊರೆ, ನೊರೆಯಲ್ಲಿ ಕೆಂಪು. ಆ ಕೆಂಪನ್ನು ದೊರೆ ನೋಡಲಿಲ್ಲ. ಬಾಗಿದ ಕತ್ತನ್ನು ನೋಡಿ ಅವನ ಮುಖ ಅರಳಿತು.

ಗಾಳೆವ್ವ ಹುಲ್ಲಿನ ಹೊರೆಯ ಪಕ್ಕ ನಿಂತಿದ್ದಳು. ಸವಾರಿಯ ಹಿಂದೆ ಹುಲ್ಲಿನ ಬಂಡಿ ಹೋಗುತ್ತದೆ. ಅದನ್ನು ತುಂಬುವವಳು ಅಲ್ಲಿ ನಿಂತರೆ ಯಾರೂ ಕೇಳುವುದಿಲ್ಲ.

ದೊರೆ ಕುದುರೆಯ ಎದುರು ನಿಂತ. "ಹತ್ತಲೇ?"

ಕಾಡಿಗೆ ಸುಮ್ಮನಿತ್ತು.

"ಹತ್ತಲೇ?"

ಕಾಡಿಗೆ ಸುಮ್ಮನಿತ್ತು. ಮುಂಗಾಲಿನಿಂದ ನೆಲ ಕೆರೆಯಿತು. "ಹೊರಡುವ ಉತ್ಸಾಹ, ಪ್ರಭು" ಎಂದ ರಾವುತ.

ದೊರೆ ಮೂರನೆಯ ಸಲ ಕೇಳಲು ಬಾಯಿ ತೆರೆದ. ಆಗ ಗಾಳೆವ್ವ ನಕ್ಕಳು. ಗಟ್ಟಿಯಾಗಿ, ಅಂಗಳಕ್ಕೆಲ್ಲ ಕೇಳುವಂತೆ ನಕ್ಕಳು. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ನಗುವುದು ಸುಲಭವಲ್ಲ. ಆದರೂ ನಕ್ಕಳು.

"ಯಾರದು?" ಎಂದ ದೊರೆ.

"ನಾನು ಒಡೆಯಾ. ಹುಲ್ಲಿನ ಗಾಳೆವ್ವ."

"ಯಾಕೆ ನಕ್ಕೆ?"

"ಸಂತೋಷ ತಡೆಯಲಿಕ್ಕಾಗಲಿಲ್ಲ ಒಡೆಯಾ. ಎಂಥ ಮರ್ಯಾದೆಯ ಕುದುರೆ. ನಿಮ್ಮ ಮುಂದೆ ತಲೆ ಎತ್ತುವುದಿಲ್ಲ. ಅತ್ತಿತ್ತ ನೋಡುವುದಿಲ್ಲ. ಬಾಯಿ ಬಿಡುವುದಿಲ್ಲ. ಈ ಅಂಗಳದಲ್ಲಿ ಹಾಗೆ ನಿಂತಿರುವುದು ಇದೊಂದೇ ನೋಡಿ."

ದೊರೆ ತಿರುಗಿ ನೋಡಿದ. ಮಂತ್ರಿ ಯಾರದೋ ಕಿವಿಯಲ್ಲಿ ಪಿಸುಗುಡುತ್ತಿದ್ದ. ಸೇನಾಪತಿ ಆಕಳಿಸುತ್ತಿದ್ದ, ಅರ್ಧ ಆಕಳಿಕೆ ನುಂಗಿಕೊಂಡ. ಭಂಡಾರಿ ಎಲೆಯಡಿಕೆ ಜಗಿಯುತ್ತ ಕಾಗೆ ನೋಡುತ್ತಿದ್ದ.

"ಹೌದಲ್ಲ" ಎಂದ ದೊರೆ.

"ರಾವುತಪ್ಪನದು ಸಣ್ಣ ವಿದ್ಯೆಯಲ್ಲ ಒಡೆಯಾ. ಕುದುರೆಗೇ ಇಷ್ಟು ಮರ್ಯಾದೆ ಕಲಿಸಿದವರು ಮನುಷ್ಯರಿಗೆ ಕಲಿಸಲಾರರೇ? ಆದರೆ ಮನುಷ್ಯರ ಮೇಲೆ ಆ ಪಟ್ಟಿ ನಡೆಯುವುದಿಲ್ಲವೇನೋ."

ರಾವುತನಿಗೆ ಜಂಭ. ಜಂಭದವನಿಗೆ ನಿನ್ನಿಂದ ಆಗುವುದಿಲ್ಲ ಎಂದರೆ ಸಾಕು. "ನನ್ನ ಪಟ್ಟಿ ಯಾರ ಮೇಲೂ ನಡೆಯುತ್ತದೆ" ಎಂದುಬಿಟ್ಟ.

ದೊರೆಯ ಕಣ್ಣು ಸಣ್ಣದಾಯಿತು. "ಇಡೀ ಸಭೆ ನನ್ನ ಮುಂದೆ ಹೀಗೆ ನಿಲ್ಲುತ್ತದೆಯೇ? ಕತ್ತು ಬಾಗಿಸಿ, ಬಾಯಿ ಮುಚ್ಚಿ?"

"ನಿಲ್ಲುತ್ತದೆ, ಪ್ರಭು."

"ನೋಯುತ್ತದೆಯೇ?"

ನೋಯುತ್ತದೆ ಎಂದರೆ ಕುದುರೆಗೂ ನೋಯುತ್ತಿದೆಯೇ ಎಂಬ ಮಾತು ಬರುತ್ತದೆಂದು ರಾವುತ ಲೆಕ್ಕ ಹಾಕಿದ. "ಇಲ್ಲ ಪ್ರಭು. ಹೂವಿನ ಹಾರದಷ್ಟು ಹಗುರ."

"ಹಾಗಾದರೆ ಒಬ್ಬರಿಗೆ ಹಾಕಿ ತೋರಿಸು. ಮಂತ್ರಿಗಳೇ, ಬನ್ನಿ."

"ನನಗೆ ಕೆಮ್ಮು, ಪ್ರಭು. ಬಾಯಿ ಕಟ್ಟಿದರೆ ಉಸಿರು ಹೋದೀತು."

"ಸೇನಾಪತಿ?"

"ಕತ್ತಿನಲ್ಲಿ ಕುರು ಎದ್ದಿದೆ, ಪ್ರಭು."

"ಭಂಡಾರಿ?"

ಭಂಡಾರಿ ಎಲೆಯಡಿಕೆಯನ್ನು ಇಡಿಯಾಗಿ ನುಂಗಿ, "ಹಾರ ಮಾಡಿದವರೇ ಮೊದಲು ತೊಟ್ಟರೆ ಶೋಭೆ" ಎಂದ. ಮಂತ್ರಿ "ನ್ಯಾಯವಾದ ಮಾತು" ಎಂದ. ಸೇನಾಪತಿ "ಬಹಳ ನ್ಯಾಯವಾದದ್ದು" ಎಂದ. ಆ ಮೂವರೂ ಒಂದೇ ಮಾತು ಆಡಿದ್ದನ್ನು ದೊರೆ ಅದೇ ಮೊದಲು ಕಂಡದ್ದು.

"ತೊಡು ರಾವುತ" ಎಂದ.

ರಾವುತನ ಹಣೆ ಬೆವರಿತು. "ಮನುಷ್ಯರ ಅಳತೆಯದು ಇಲ್ಲ ಪ್ರಭು. ಸವಾರಿ ಮುಗಿಸಿ ಬನ್ನಿ, ಅಷ್ಟರಲ್ಲಿ ಹೊಲಿಸಿಟ್ಟಿರುತ್ತೇನೆ."

"ಹೊಲಿಸುವುದು ಯಾಕೆ?" ಎಂದಳು ಗಾಳೆವ್ವ. "ಕುದುರೆಯ ಮೈಮೇಲೇ ಇದೆಯಲ್ಲ. ತೂತುಗಳಿವೆ, ಬೇಕಾದಷ್ಟು ಗಿಡ್ಡ ಮಾಡಬಹುದು. ಮರ್ಯಾದೆ ಕಲಿತ ಕುದುರೆ, ಪಟ್ಟಿ ತೆಗೆದರೂ ಹೀಗೇ ನಿಲ್ಲುತ್ತದೆ. ಅಲ್ಲವೇ ರಾವುತಪ್ಪ?"

ಅಲ್ಲ ಎನ್ನುವಂತಿರಲಿಲ್ಲ. ಹೌದು ಎನ್ನುವಂತೆಯೂ ಇರಲಿಲ್ಲ. ದೊರೆ ನೋಡುತ್ತಿದ್ದ.

ರಾವುತ ಎದೆಪಟ್ಟಿ ಬಿಚ್ಚಿದ. ಪಕ್ಕೆಪಟ್ಟಿಗಳನ್ನು ಬಿಚ್ಚಿದ. "ಇಷ್ಟು ಸಾಕು" ಎಂದ.

"ಮೂತಿಪಟ್ಟಿ?" ಎಂದ ಸೇನಾಪತಿ. "ಮಂತ್ರಿಗಳಿಗೆ ಮುಂದೆ ಬೇಕಾಗುವುದು ಅದೇ."

ಜನ ನಕ್ಕರು. ದೊರೆಯೂ ನಕ್ಕ. "ಅದೂ ಬರಲಿ."

ರಾವುತ ಕಾಡಿಗೆಯ ಗಲ್ಲದ ಕೆಳಗೆ ಕೈ ಹಾಕಿ, ಕಿವಿಯ ಹತ್ತಿರ ಬಗ್ಗಿ, ಹಲ್ಲುಗಳ ನಡುವಿನಿಂದ ಹೇಳಿದ: "ಬಾಯಿ ಬಿಟ್ಟರೆ ನಿನ್ನ ತೊಗಲು ಸುಲಿದು ಜೀನಿಗೆ ಹೊದಿಸುತ್ತೇನೆ." ಆಮೇಲೆ ಕೊಕ್ಕೆ ಬಿಚ್ಚಿದ. ಕಡಿವಾಣವೂ ಬಂತು, ಅದಿಲ್ಲದೆ ಪಟ್ಟಿಗಳನ್ನು ಸಿಕ್ಕಿಸುವುದೆಲ್ಲಿಗೆ.

ಕಾಡಿಗೆಯ ತಲೆ ಮೇಲೇಳಲಿಲ್ಲ. ಬಾಯಿಯೂ ತೆರೆಯಲಿಲ್ಲ. ಕಟ್ಟಿದ್ದಲ್ಲೇ ಮರಗಟ್ಟಿತ್ತು.

"ನೋಡಿದಿರಾ ಪ್ರಭು" ಎಂದ ರಾವುತ. ಅವನಿಗೆ ಸ್ವಲ್ಪ ಉಸಿರು ಬಂತು.

"ಕಟ್ಟುವವರು ಯಾರು?" ಎಂದ ದೊರೆ.

"ನಾನು ಕಟ್ಟುತ್ತೇನೆ ಒಡೆಯಾ. ದಿನಾ ನೋಡಿದ್ದೇನೆ, ಎಷ್ಟನೆಯ ತೂತು ಎಂದು ಗೊತ್ತು" ಎಂದು ಗಾಳೆವ್ವ ಮುಂದೆ ಬಂದಳು.

ಅವಳು ರಾವುತನ ಬಾಯಿಗೆ ಕಡಿವಾಣ ಇಟ್ಟಳು, ಕಾಡಿಗೆಯ ನೊರೆ ಒರೆಸದೆ. ಹೊಟ್ಟೆಪಟ್ಟಿಯ ಬದಲು ಸೊಂಟಕ್ಕೆ ಹುಲ್ಲಿನ ಹೊರೆಯ ಹಗ್ಗ ಸುತ್ತಿದಳು. ಎದೆಪಟ್ಟಿ ಎಳೆದಳು, ಅವನ ಗಲ್ಲ ಎದೆಗೆ ಬಂತು. ಪಕ್ಕೆಪಟ್ಟಿ ಎಳೆದಳು, ಕತ್ತು ನಿಂತಿತು. "ಸಡಿಲ..." ಎಂದ ರಾವುತ. ಅಷ್ಟರಲ್ಲಿ ಅವಳು ಮೂತಿಪಟ್ಟಿ ಸುತ್ತಿ, ಕೊನೆಯ ತೂತಿಗೆ ಎಳೆದಿದ್ದಳು. ಹುಲ್ಲು ಕೊಯ್ದು ಕೊಯ್ದು ಗಟ್ಟಿಯಾದ ಕೈ. ಹಲ್ಲಿಗೆ ಹಲ್ಲು ಕೂತ ಸದ್ದು ಅಂಗಳಕ್ಕೆಲ್ಲ ಕೇಳಿತು.

"ಚೆನ್ನಾಗಿದೆ" ಎಂದ ದೊರೆ. ಸುತ್ತ ಬಂದು ನೋಡಿದ. ತೃಪ್ತಿಯಾಯಿತು. "ಸವಾರಿಯಿಂದ ಬಂದಮೇಲೆ ಎಲ್ಲರಿಗೂ ಹೊಲಿಸೋಣ." ಮತ್ತೆ ಕುದುರೆಯ ಎದುರು ಬಂದು ನಿಂತ. ಮೂರನೆಯ ಸಲ ಕೇಳುವುದು ಬಾಕಿ ಇತ್ತು.

"ಹತ್ತಲೇ?"

ಕಾಡಿಗೆ ಸುಮ್ಮನಿತ್ತು.

ಗಾಳೆವ್ವ ನೋಡಿದಳು. ಕಾಡಿಗೆಯ ತುಟಿ ಅದುರುತ್ತಿತ್ತು, ಮಾತು ಬರುತ್ತಿರಲಿಲ್ಲ. ಸಂದಿಯಲ್ಲಿ ನಾಲಿಗೆ ಕಂಡಿತು. ನೇರಳೆ ಹಣ್ಣಿನ ಬಣ್ಣ.

ದೊರೆ ಜೀನಿಗೆ ಕೈ ಹಾಕಿದ. ಜೀನಿನಿಂದ ಜೋತ ರಿಕಾಪಿಗೆ ಕಾಲು ಎತ್ತಿದ.

ಗಾಳೆವ್ವ ಹೋಗಿ ದೊರೆಯ ಕಾಲು ಹಿಡಿದಳು. ಬೇಡುವುದಕ್ಕೆ ಹಿಡಿದದ್ದಲ್ಲ, ಕೆಳಗಿಳಿಸುವುದಕ್ಕೆ ಹಿಡಿದದ್ದು. ರಿಕಾಪಿನಿಂದ ಎಳೆದು ನೆಲಕ್ಕೆ ಇಳಿಸಿದಳು. ಕಾವಲಿನವರು ಈಟಿ ಹಿಡಿದು ಓಡಿಬಂದರು.

"ಒಂದು ಗಳಿಗೆ ನಿಲ್ಲಿ" ಎಂದಳು. ಈಗ ಒಡೆಯಾ ಇಲ್ಲ, ನಗು ಇಲ್ಲ. "ಕೇಳಿದಿರಿ. ಉತ್ತರ ಬರುವಷ್ಟು ಹೊತ್ತು ನಿಲ್ಲಲಾರಿರಾ? ಅದರ ನಾಲಿಗೆಗೆ ರಕ್ತ ಮತ್ತೆ ಹರಿದು ಬರಲಿ. ಆಮೇಲೆ ನನ್ನನ್ನು ಏನು ಬೇಕಾದರೂ ಮಾಡಿ."

ಈಟಿ ಅವಳ ಬೆನ್ನಿಗೆ ತಾಗಿತ್ತು. ದೊರೆ ಅವಳನ್ನು ನೋಡಿದ, ಕುದುರೆಯನ್ನು ನೋಡಿದ. ಮೊದಲ ಸಲ ಕತ್ತು ಬಿಟ್ಟು ಬಾಯಿ ನೋಡಿದ. ನೊರೆಯಲ್ಲಿದ್ದ ಕೆಂಪನ್ನು ನೋಡಿದ. ಕೈ ಎತ್ತಿ ಕಾವಲಿನವರನ್ನು ತಡೆದ.

ಕಾಡಿಗೆ ದವಡೆ ಆಡಿಸಿತು. ಒಂದು ಸಲ ಆಡಿಸಿತು, ನೊರೆ ಬಿತ್ತು. ಇನ್ನೊಂದು ಸಲ ಆಡಿಸಿತು, ರಕ್ತ ಬಿತ್ತು. ಮೂರನೆಯ ಸಲ ಮಾತು ಬಂತು.

"ಬೇ...ಡ."

ದೊರೆ ಹಿಂದೆ ಸರಿದ.

"ಬೇಡ" ಎಂದಿತು ಕಾಡಿಗೆ ಮತ್ತೆ, ಸ್ಪಷ್ಟವಾಗಿ. ತಲೆ ನಿಧಾನವಾಗಿ ಮೇಲೆದ್ದಿತು. "ಮೊದಲ ಸಲ ಕೇಳಿದಾಗಲೂ ಬೇಡ ಎಂದೆ. ಎರಡನೆಯ ಸಲವೂ ಬೇಡ ಎಂದೆ. ಗಂಟಲಲ್ಲೇ ಉಳಿಯಿತು. ಬೂದನೂ ಬೇಡ ಎಂದಿತ್ತು. ಗೌಜಲನೂ ಬೇಡ ಎಂದಿತ್ತು. ಕೋರೆಕಲ್ಲಿನಲ್ಲಿ ಅವಕ್ಕೆ ನೆಲ ಕಾಣಲಿಲ್ಲ. ನಿನ್ನ ರಾವುತ ತಲೆ ಕಟ್ಟಿದ್ದ. ಈಟಿ ಹಾಕುವಾಗಲೂ ಬಾಯಿ ಬಿಚ್ಚಲಿಲ್ಲ, ಕೂಗಿದ್ದು ನಿನಗೆ ಕೇಳದಿರಲಿ ಎಂದು. ನನ್ನ ಹೊಟ್ಟೆಯ ಕೆಳಗೆ ನೋಡು. ಬಾಯಿಯೊಳಗೆ ನೋಡು. ನೋಡುವುದಕ್ಕೆ ನಿನಗೆ ಕಣ್ಣಿದೆಯಲ್ಲ."

ದೊರೆ ಬಗ್ಗಿ ನೋಡಿದ. ಜೀನು ಇಳಿಸಿ ನೋಡಿದ. ನೊಣಗಳೆದ್ದವು.

ಅವನು ರಾವುತನ ಕಡೆ ತಿರುಗಿದ. "ನಿಜವೇ?"

ರಾವುತನ ಮುಖ ಕೆಂಪಾಯಿತು. ಮೂಗಿನಿಂದ ಏನೋ ಸದ್ದು ಬಂತು. ಸುಳ್ಳು ಹೇಳುವುದಕ್ಕೂ ನಾಲಿಗೆ ಆಡಬೇಕು. ಅವನ ನಾಲಿಗೆಯ ಮೇಲೆ ಕಬ್ಬಿಣವಿತ್ತು.

"ನಿಜವೇ?"

ಅವನು ಇಲ್ಲ ಎಂದು ತಲೆ ಅಲ್ಲಾಡಿಸಲು ನೋಡಿದ. ಪಕ್ಕೆಪಟ್ಟಿ ಎಡಕ್ಕೂ ಬಿಡಲಿಲ್ಲ, ಬಲಕ್ಕೂ ಬಿಡಲಿಲ್ಲ. ಎದೆಪಟ್ಟಿ ಮಾತ್ರ ಕೆಳಕ್ಕೆ ಎಳೆಯಿತು. ನೋಡಿದವರಿಗೆ ಹೌದು ಹೌದು ಎಂದಂತೆ ಕಂಡಿತು.

"ನಿಜವೇ?"

ಮೂರು ಸಲಕ್ಕೂ ಉತ್ತರ ಬರಲಿಲ್ಲ.

"ಒಪ್ಪಿದ" ಎಂದ ಮಂತ್ರಿ. "ಪದ್ಧತಿ ಪ್ರಕಾರ."

"ಪದ್ಧತಿಯ ಮಾತು ಆಮೇಲೆ" ಎಂದಳು ಗಾಳೆವ್ವ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವಳು ರಾವುತನನ್ನು ನೋಡಲಿಲ್ಲ, ದೊರೆಯನ್ನು ನೋಡಿದಳು. "ಕಟ್ಟಿದವನು ಅವನು. ಬಾಗಿದ ಕತ್ತು ಬೇಕು ಎಂದವರು ಯಾರು? ಎರಡು ವರ್ಷ ಕೇಳಿದಿರಿ. ಎರಡು ವರ್ಷ ಉತ್ತರ ಬರಲಿಲ್ಲ. ಬಿಳಿಗಾವಲಿನಲ್ಲಿ ಮಾತು ಬಾರದ ಕುದುರೆ ಯಾವುದಿದೆ ಎಂದು ಒಂದು ಸಲವಾದರೂ ಅನಿಸಲಿಲ್ಲವೇ?"

ದೊರೆ ಉತ್ತರ ಕೊಡಲಿಲ್ಲ. ಅವನ ಬಾಯಿಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ.

ಅವನು ಅಂಗಳದಲ್ಲೇ ನಿಂತು ಪದ್ಧತಿಯನ್ನು ತಿದ್ದಿ ಹೇಳಿದ. ಸಾರುವವನು ಊರೂರಿಗೆ ಹೋಗಿ ಡಂಗುರ ಸಾರಿದ. ಬಿಳಿಗಾವಲಿನವರು ಈಗಲೂ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಾರೆ, ನೀವೂ ಕೇಳಿಕೊಳ್ಳಿ. ಬಾಯಿ ಕಟ್ಟಿಸಿಕೊಂಡವರು ಸುಮ್ಮನಿದ್ದರೆ ಒಪ್ಪಿದರು ಎಂದು ಅರ್ಥವಲ್ಲ. ಕೇಳುವವನು ಮೊದಲು ಕಟ್ಟು ಬಿಚ್ಚಬೇಕು, ಆಮೇಲೆ ಕೇಳಬೇಕು, ಕೇಳಿದ ಮೇಲೆ ಕಾಯಬೇಕು.

ಗಡಿ ಸುತ್ತುವುದು ತಪ್ಪುವಂತಿರಲಿಲ್ಲ. ದೊರೆ ನಡೆದೇ ಹೊರಟ. ಕಾಡಿಗೆಯ ಜೀನನ್ನು ರಾವುತನ ಬೆನ್ನಿಗೆ ಹೇರಿದರು.

"ಪಟ್ಟಿ ಬಿಚ್ಚಬೇಕೇ?" ಎಂದು ಕಾವಲಿನವನು ಕೇಳಿದ. ಕಟ್ಟಿದವಳು ಗಾಳೆವ್ವ, ಬಿಚ್ಚುವುದೂ ಅವಳ ಹಕ್ಕು.

"ಮೂತಿಪಟ್ಟಿ ಬಿಚ್ಚುತ್ತೇನೆ. ನೀರು ಕುಡಿಯಲಿ, ಕೂಗಲಿ" ಎಂದಳು ಅವಳು. "ಉಳಿದದ್ದು ಕೋರೆಕಲ್ಲು ಇಳಿದ ಮೇಲೆ."

ರಾವುತ ಕೋರೆಕಲ್ಲಿನಲ್ಲಿ ಬಿದ್ದ. ಮೊಣಕಾಲು ಮುರಿಯಿತು. ಅವನಿಗೆ ಯಾರೂ ಈಟಿ ಹಾಕಲಿಲ್ಲ. ಮಂಚದ ಮೇಲೆ ಹೊತ್ತು ಮನೆಗೆ ತಂದರು. ಅವನು ಮತ್ತೆ ಲಾಯಕ್ಕೆ ಬರಲಿಲ್ಲ.

ಕಾಡಿಗೆಯ ಹುಣ್ಣು ಮಳೆಗಾಲದ ಹೊತ್ತಿಗೆ ಮಾಯಿತು. ಮಾಯ್ದಲ್ಲಿ ಬಿಳಿ ಕೂದಲು ಬಂತು, ಕರಿ ಬರಲಿಲ್ಲ.

ಮುಂದಿನ ಸುಗ್ಗಿ ಮುಗಿಯಿತು. ದೊರೆ ತಾನೇ ಲಾಯಕ್ಕೆ ಬಂದ. ಕಾಡಿಗೆಯ ತಲೆಯ ಮೇಲೆ ಹಗ್ಗದ ಎಳೆಯೂ ಇರಲಿಲ್ಲ. ಅವನು ಎದುರು ನಿಂತು ಮೂರು ಸಲ ಕೇಳಿದ, ಒಂದೊಂದು ಸಲವೂ ಕಾದ. ಕಾಡಿಗೆ ಮೂರು ಸಲವೂ ಬೇಡ ಎಂದಿತು.

ಆ ವರ್ಷವೂ ದೊರೆ ನಡೆದೇ ಹೋದ.